ಬೆಳೆಯುವ ಪಟ್ಟಣಗಳಲ್ಲಿ ವಸ್ತುಸಂಗ್ರಹಾಲಯಗಳ ಕಾರ್ಯ: ಗಡಿನಾಡಿನ ಭಕ್ತರಿಗಾಗಿ ಒಂದು ಅಧ್ಯಯನ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಜನರಿಗೆ ಪುಣೆ ದೂರದ ಊರಲ್ಲ. ಮಕ್ಕಳ ಕಾಲೇಜಿಗೆ, ದೊಡ್ಡ ದವಾಖಾನೆಗೆ, ಉಳ್ಳಾಗಡ್ಡಿ ದಾಳಿಂಬೆಯ ಮಾರಾಟಕ್ಕೆ ಹೋಗಿ ಬರುವುದು ನಡೆದೇ ಇದೆ. ಹೊಸೂರು, ಮಡಕಶಿರಾ ಕಡೆಯವರಿಗೆ ಬೆಂಗಳೂರು ಹಾಗೆಯೇ. ಪಶ್ಚಿಮ ತೆಲಂಗಾಣದವರಿಗೆ ಹೈದರಾಬಾದು. ಹೋದವರು ಕೆಲಸ ಮುಗಿಸಿಕೊಂಡು, ಸಮಯವಿದ್ದರೆ ಒಂದು ಗುಡಿ, ಒಂದು ಬಟ್ಟೆ ಅಂಗಡಿ ನೋಡಿಕೊಂಡು ರಾತ್ರಿ ಬಸ್ಸಿಗೆ ತಿರುಗಿ ಬರುತ್ತಾರೆ. ಈ ಪಟ್ಟಣಗಳಲ್ಲಿರುವ ವಸ್ತುಸಂಗ್ರಹಾಲಯಗಳ ಬಾಗಿಲು ತುಳಿದವರು ನಮ್ಮಲ್ಲಿ ಕಡಿಮೆ. ಅದು ಓದಿದವರಿಗೆ, ಪರದೇಶದವರಿಗೆ, ಶಾಲೆಯ ಸಹಲಿಗೆ ಬಂದ ಮಕ್ಕಳಿಗೆ ಎಂಬ ಭಾವನೆ ಬೇರೂರಿದೆ. ಒಕ್ಕಲುತನ ಮಾಡುವವರಿಗೂ ವ್ಯಾಪಾರಸ್ಥರಿಗೂ ಅಲ್ಲಿ ಬಹಳ ಕೆಲಸವಿದೆ ಎಂಬುದೇ ನಮ್ಮ ಅಭಿಪ್ರಾಯ. ಹೇಗೆಂಬುದನ್ನು ಕೆಲವು ಉದಾಹರಣೆಗಳ ಮೂಲಕ ನೋಡೋಣ.

ಹಳ್ಳಿಯಲ್ಲಿ ಒಂದು ವಸ್ತುವಿನ ಕಥೆ ಜನರ ಬಾಯಲ್ಲಿ ಇರುತ್ತದೆ. ಈ ಒರಳು ಯಾರ ಕಾಲದ್ದು, ಈ ಬಾವಿ ಯಾರು ತೋಡಿಸಿದರು, ಅಗಸಿಯ ಹತ್ತಿರದ ಕಲ್ಲು ಯಾವ ಜಗಳದಲ್ಲಿ ಸತ್ತವನದು ಎಂಬುದನ್ನು ಹೇಳುವ ಒಬ್ಬ ಹಿರಿಯರಾದರೂ ಓಣಿಯಲ್ಲಿ ಸಿಗುತ್ತಾರೆ. ಪಟ್ಟಣದಲ್ಲಿ ಹಾಗಿಲ್ಲ. 1951ರಲ್ಲಿ ಸುಮಾರು 7.8 ಲಕ್ಷ ಜನರಿದ್ದ ಬೆಂಗಳೂರು 2011ರ ಜನಗಣತಿಯ ಹೊತ್ತಿಗೆ 84 ಲಕ್ಷ ದಾಟಿತು. ಪುಣೆಯಲ್ಲಿ ಅದೇ ಜನಗಣತಿಯಲ್ಲಿ 31 ಲಕ್ಷ, ನಮ್ಮ ಸೊಲ್ಲಾಪುರದಲ್ಲಿ ಒಂಬತ್ತೂವರೆ ಲಕ್ಷ. ಹೀಗೆ ಊರು ಉಬ್ಬಿದಾಗ ಬಾಜೂ ಮನೆಯವರೇ ಪರಸ್ಪರ ಗುರುತಿಲ್ಲದವರಾಗುತ್ತಾರೆ. ಹಳೆಯ ವಾಡೆ ಬಿದ್ದು ಅಪಾರ್ಟಮೆಂಟು ಏಳುತ್ತದೆ. ವಾಡೆಯ ಜೊತೆಗೆ ಬಾಗಿಲ ಚೌಕಟ್ಟು, ತೊಲೆ, ನೆಲುವು, ಗೋಡೆಯ ಮಾಡದಲ್ಲಿದ್ದ ದೀಪ ಎಲ್ಲವೂ ಗುಜರಿಗೆ ಹೋಗುತ್ತವೆ. ಕಥೆ ಹೇಳುವ ಹಿರಿಯರು ಮೂರನೆಯ ಮಾಳಿಗೆಯ ಕೋಣೆಯಲ್ಲಿ ಒಬ್ಬರೇ ಕುಳಿತಿರುತ್ತಾರೆ. ಇಂಥ ಕಡೆಯಲ್ಲಿ ಊರಿನ ನೆನಪನ್ನು ಇಟ್ಟುಕೊಳ್ಳಲು ಒಂದು ಸಾರ್ವಜನಿಕ ಸ್ಥಳ ಬೇಕಾಗುತ್ತದೆ.

ಪುಣೆಯ ಶುಕ್ರವಾರ ಪೇಟೆಯಲ್ಲಿರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ ಅಂಥ ಒಂದು ಸ್ಥಳ. ಇದನ್ನು ಕಟ್ಟಿದವರು ರಾಜರಲ್ಲ, ಸರಕಾರವೂ ಅಲ್ಲ. ದಿನಕರ ಗಂಗಾಧರ ಕೇಳಕರ ಎಂಬುವರು 1896ರಲ್ಲಿ ಹುಟ್ಟಿದವರು; ಮನೆತನದ ಕನ್ನಡಕದ ವ್ಯಾಪಾರ ನೋಡಿಕೊಂಡಿದ್ದವರು, ಮರಾಠಿಯಲ್ಲಿ ಕವಿತೆ ಬರೆಯುತ್ತಿದ್ದವರು. 1920ರ ಸುಮಾರಿಗೆ ಹಳೆಯ ವಸ್ತುಗಳನ್ನು ಕೂಡಿಹಾಕಲು ಆರಂಭಿಸಿದರು. ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ಮಗ ರಾಜಾನ ಹೆಸರನ್ನು ಆ ಸಂಗ್ರಹಕ್ಕೆ ಇಟ್ಟರು. ಹೆಂಡತಿ ಕಮಲಾಬಾಯಿಯವರು ಈ ಕೆಲಸಕ್ಕೆ ಹೆಗಲು ಕೊಟ್ಟರು. ದೇಶದ ಮೂಲೆಮೂಲೆ ತಿರುಗಿ, ಸಂತೆಯಲ್ಲಿ, ಹಳೆ ಸಾಮಾನಿನ ಅಂಗಡಿಯಲ್ಲಿ, ಮುರಿಯುತ್ತಿದ್ದ ಮನೆಗಳಲ್ಲಿ ಹುಡುಕಿ ತಂದ ವಸ್ತುಗಳು 1960ರ ಹೊತ್ತಿಗೆ ಸುಮಾರು 15 ಸಾವಿರವಾಗಿದ್ದವು. 1962ರಲ್ಲಿ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. 1975ರಲ್ಲಿ ಕೇಳಕರರು ಅದೆಲ್ಲವನ್ನೂ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. 1990ರಲ್ಲಿ ಅವರು ತೀರಿಕೊಂಡರು. ಈಗ ಅಲ್ಲಿ 20 ಸಾವಿರಕ್ಕೂ ಹೆಚ್ಚು ವಸ್ತುಗಳಿವೆ.

ಅವು ಎಂಥ ವಸ್ತುಗಳು ಎಂಬುದನ್ನು ಗಮನಿಸಬೇಕು. ಕಿರೀಟ ಸಿಂಹಾಸನಗಳಲ್ಲ. ಅಡಕೊತ್ತು, ಎಲೆ ಅಡಿಕೆಯ ಡಬ್ಬಿ, ಹಿತ್ತಾಳೆಯ ತೂಗುದೀಪ, ಮಸಿಯ ದೌತಿ, ಲೆಕ್ಕಣಿಕೆ, ಬೀಗ, ಹಣಿಗೆ, ಕಾಲು ತಿಕ್ಕುವ ವಜ್ರಿ, ಅಡಿಗೆಮನೆಯ ಪಾತ್ರೆ, ಮಕ್ಕಳ ಆಟಿಗೆ, ವಾದ್ಯಗಳು, ಕೆತ್ತನೆಯ ಬಾಗಿಲುಗಳು. ಬಹುತೇಕ 18 ಮತ್ತು 19ನೆಯ ಶತಮಾನದ ದಿನಬಳಕೆಯ ಸಾಮಾನು. ಒಂದು ಅಡಕೊತ್ತಿಗೆ ಕಮ್ಮಾರ ಗಿಳಿಯ ಆಕಾರ ಕೊಟ್ಟಿದ್ದಾನೆ, ಇನ್ನೊಂದಕ್ಕೆ ಕುದುರೆಯದು. ಅಡಿಕೆ ಕತ್ತರಿಸಲು ಎರಡು ಅಲಗು ಸಾಕಾಗಿತ್ತು. ಆದರೂ ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಮಾಡುವವನಿಗೆ ತನ್ನ ಕಾಯಕದ ಮೇಲೆ ಎಷ್ಟು ಪ್ರೀತಿ ಇತ್ತು, ಕೊಳ್ಳುವವನಿಗೆ ಎಷ್ಟು ರಸಿಕತೆ ಇತ್ತು ಎಂಬುದು ಪುಸ್ತಕ ಓದಿ ತಿಳಿಯುವುದಕ್ಕಿಂತ ಆ ಒಂದು ಕಪಾಟಿನ ಮುಂದೆ ನಿಂತರೆ ಬೇಗ ತಿಳಿಯುತ್ತದೆ.

ಅದೇ ಕಟ್ಟಡದಲ್ಲಿ ಮಸ್ತಾನಿ ಮಹಲು ಎಂಬ ಒಂದು ಕೋಣೆ ಇದೆ. ಒಂದನೆಯ ಬಾಜೀರಾವ ಪೇಶ್ವೆ 1734ರಲ್ಲಿ ಮಸ್ತಾನಿಗಾಗಿ ಪುಣೆಯ ಹೊರಗಿನ ಕೋಥರೂಡದಲ್ಲಿ ಕಟ್ಟಿಸಿದ ಮಹಲಿನ ಭಾಗಗಳನ್ನು ಕೇಳಕರರು ತಂದು ಇಲ್ಲಿ ಮರಳಿ ಜೋಡಿಸಿದರು. ಅಂದು ಊರ ಹೊರಗಿದ್ದ ಕೋಥರೂಡ ಇಂದು ಪುಣೆಯ ಅತ್ಯಂತ ದಟ್ಟ ವಸತಿಗಳಲ್ಲಿ ಒಂದು. ಅಲ್ಲಿ ನಮ್ಮ ಎಷ್ಟೋ ಭಕ್ತರ ಮಕ್ಕಳೂ ಫ್ಲ್ಯಾಟು ಮಾಡಿಕೊಂಡಿದ್ದಾರೆ. ಆ ಕಂಬ ಕಮಾನುಗಳನ್ನು ಅಂದು ಯಾರೂ ಎತ್ತಿ ತರದಿದ್ದರೆ ಇಂದು ನೋಡಲು ಏನೂ ಇರುತ್ತಿರಲಿಲ್ಲ.

ಇಲ್ಲಿ ಒಂದು ಕೊರತೆಯನ್ನೂ ಹೇಳಬೇಕು. 20 ಸಾವಿರದಲ್ಲಿ ಜನರ ಮುಂದೆ ಇಟ್ಟಿರುವುದು ಸುಮಾರು 2,500 ಮಾತ್ರ. ಉಳಿದದ್ದು ಸ್ಥಳವಿಲ್ಲದೆ ಕೋಣೆಗಳಲ್ಲಿ ಮುಚ್ಚಿಟ್ಟಿದೆ. ಪಟ್ಟಣದ ನಡುವೆ ಜಾಗದ ಬೆಲೆ ಏರಿದಂತೆ ಸಂಗ್ರಹಾಲಯಕ್ಕೆ ವಿಸ್ತಾರವಾಗುವುದು ಕಷ್ಟವಾಗುತ್ತದೆ. ಅದನ್ನು ಇಕ್ಕಟ್ಟಿಗೆ ಸಿಕ್ಕಿಸುವುದೂ ಪಟ್ಟಣದ ಬೆಳವಣಿಗೆಯೇ.

ಗಡಿನಾಡಿನ ನಮಗೆ ಇದರಲ್ಲಿ ಇನ್ನೂ ಒಂದು ವಿಷಯವಿದೆ. ವಸ್ತು ಹೋದರೆ ಅದರ ಹೆಸರೂ ಹೋಗುತ್ತದೆ. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ ಎಂದು ಇಂದಿನ ಹತ್ತನೆಯ ಇಯತ್ತೆಯ ಹುಡುಗನಿಗೆ ಬಿಡಿಸಿ ಹೇಳಬೇಕು. ಕೂರಿಗೆಯ ಒಂದೊಂದು ಭಾಗಕ್ಕೂ ಒಂದೊಂದು ಹೆಸರಿತ್ತು. ಬಿತ್ತುವ ಯಂತ್ರ ಬಂದ ಮೇಲೆ ಅವು ಬಾಯಿಂದ ಇಳಿದುಹೋದವು. ಸೇರು, ಪಾವು, ಚಟಾಕು, ತೊಲ, ಮಣ ಇವು 1958ರಿಂದ ದಶಮಾನ ತೂಕ ಅಳತೆ ಬಂದ ಮೇಲೆ ಅಂಗಡಿಯಿಂದ ಹೋದವು, ಅಜ್ಜಿಯರ ಮಾತಿನಲ್ಲಿ ಇನ್ನಷ್ಟು ಕಾಲ ಉಳಿದವು. ಮಹಾರಾಷ್ಟ್ರದ ಸಂಗ್ರಹಾಲಯ ನಮ್ಮ ಮನೆಯಂಥದೇ ಒಂದು ಪಾತ್ರೆಯನ್ನು ಇಟ್ಟುಕೊಳ್ಳಬಹುದು. ಅದಕ್ಕೆ ಜತ್ತ ತಾಲೂಕಿನಲ್ಲಿ ಕನ್ನಡದಲ್ಲಿ ಏನೆನ್ನುತ್ತಿದ್ದರು ಎಂಬುದನ್ನು ಹೇಳಬೇಕಾದವರು ನಾವೇ. ಶಾಲೆ ಒಂದು ಭಾಷೆ, ಕಚೇರಿ ಇನ್ನೊಂದು ಭಾಷೆ, ಮನೆ ಮತ್ತೊಂದು ಭಾಷೆ ಇರುವ ನಮ್ಮ ಊರುಗಳಲ್ಲಿ ಕನ್ನಡ ಉಳಿದಿರುವುದು ಹೆಚ್ಚಾಗಿ ಹೊಲ, ಅಡಿಗೆಮನೆ, ಕಣ, ಪೂಜೆಯ ಜಗುಲಿಯ ವಸ್ತುಗಳನ್ನು ಹಿಡಿದುಕೊಂಡೇ.

ಇನ್ನು ವ್ಯಾಪಾರಸ್ಥ ಭಕ್ತರು, ವಿಶೇಷವಾಗಿ ಬಟ್ಟೆಯ ವ್ಯಾಪಾರದವರು, ಗಮನಿಸಬೇಕಾದದ್ದು ಅಹಮದಾಬಾದಿನ ಕ್ಯಾಲಿಕೋ ವಸ್ತುಸಂಗ್ರಹಾಲಯ. ಅಹಮದಾಬಾದು ಗಿರಣಿಗಳ ಊರು. ಅಲ್ಲಿಯ ಕ್ಯಾಲಿಕೋ ಗಿರಣಿಯ ಸಾರಾಭಾಯಿ ಮನೆತನದ ಗೌತಮ ಸಾರಾಭಾಯಿ ಮತ್ತು ಅವರ ತಂಗಿ ಗಿರಾ ಸಾರಾಭಾಯಿ 1949ರಲ್ಲಿ ಬಟ್ಟೆಗಾಗಿಯೇ ಒಂದು ಸಂಗ್ರಹಾಲಯ ತೆರೆದರು. ಗಿರಣಿಯ ಮಾಲಕರು ಕೈಮಗ್ಗದ ಬಟ್ಟೆಯನ್ನು ಕೂಡಿಡುವುದು ವಿಚಿತ್ರವೆನಿಸೀತು. ಯಂತ್ರದಿಂದ ಯಾವ ನೇಯ್ಗೆ ಹಿಂದೆ ಸರಿಯಿತೋ ಅದರ ನಮೂನೆಯನ್ನು ಯಂತ್ರದ ಲಾಭದಿಂದಲೇ ಕಾಯ್ದಿಟ್ಟರು ಎಂದು ತಿಳಿಯಬೇಕು. ಮೊಗಲರ ಕಾಲದ ಡೇರೆಯ ಬಟ್ಟೆ, ಪಾಟಣದ ಪಟೋಲ, ಕಸೂತಿ, ಬಣ್ಣದ ಅಚ್ಚು, ಗುಡಿಗಳ ತೂಗುಬಟ್ಟೆ ಎಲ್ಲವೂ ಅಲ್ಲಿವೆ. ಮೊದಲು ಗಿರಣಿಯ ಆವರಣದಲ್ಲೇ ಇದ್ದ ಸಂಗ್ರಹ 1983ರಲ್ಲಿ ಶಾಹಿಬಾಗದ ಸಾರಾಭಾಯಿಯವರ ಬಂಗಲೆಗೆ ಬಂತು. ಕ್ಯಾಲಿಕೋ ಗಿರಣಿ ಇಂದು ಇಲ್ಲ, ಅದು ಮುಚ್ಚಿ ಎಷ್ಟೋ ವರ್ಷವಾಯಿತು. ಸಂಗ್ರಹಾಲಯ ಇದೆ.

ಸೊಲ್ಲಾಪುರದ ವಿಷಯ ಇಲ್ಲಿ ಬಂದೇ ಬರುತ್ತದೆ. ಗಿರಣಿಯ ಭೋಂಗಾ ಕೇಳಿ ಒಲೆ ಹಚ್ಚುತ್ತಿದ್ದ, ಭೋಂಗಾ ಕೇಳಿ ಬುತ್ತಿ ಕಟ್ಟುತ್ತಿದ್ದ ಊರು ಅದು. ಕನ್ನಡ, ಮರಾಠಿ, ತೆಲುಗು ಮೂರೂ ಮಾತಾಡುವ ಕೂಲಿಕಾರರು ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಿದ್ದರು. 1930ರಲ್ಲಿ ಬ್ರಿಟಿಷರು ಈ ಪಟ್ಟಣಕ್ಕೆ ಲಷ್ಕರಿ ಕಾಯಿದೆ ಹಾಕಿದರು. 1931ರ ಜನೆವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಚೀನಾಕ್ಕೆ ಹೋಗಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ಮಡಿದ ಡಾಕ್ಟರ ದ್ವಾರಕಾನಾಥ ಕೋಟಣೀಸರು ಇದೇ ಊರಿನವರು. ಅವರ ಮನೆಯನ್ನು ಸ್ಮಾರಕ ಮಾಡಿದ್ದಾರೆ, ಅದು ಸಂತೋಷದ ಸಂಗತಿ. ಅಕ್ಕಲಕೋಟೆಯ ಅರಮನೆಯಲ್ಲಿ ಹಳೆಯ ಆಯುಧಗಳ ಸಂಗ್ರಹವಿದೆ. ಆದರೆ ನೂರಾರು ಕುಟುಂಬಗಳ ಮೈಬೆವರು ಕುಡಿದ ಮಗ್ಗ, ಲಾಳಿ, ಬಾಬಿನು, ಚಾದರದ ನಕ್ಷೆಯ ರಟ್ಟು, ಕೂಲಿಯ ಚೀಟಿ, ಯೂನಿಯನ್ನಿನ ಪಾವತಿ ಇವು ಎಲ್ಲಿವೆ? ಅಹಮದಾಬಾದಿನಲ್ಲಿ ಒಂದು ಮನೆತನ ಮಾಡಿದ್ದನ್ನು ಸೊಲ್ಲಾಪುರದಲ್ಲಿ ವ್ಯಾಪಾರಿ ಮಂಡಳಿಗಳು, ನೇಕಾರರು, ಹಳೆಯ ಗಿರಣಿ ಕಾಮಗಾರರ ಮಕ್ಕಳು ಕೂಡಿ ಮಾಡಬಹುದು. ಹಳೆಯ ಸಾಮಾನು ಕಬ್ಬಿಣದ ಭಾವದಲ್ಲಿ ತೂಕಕ್ಕೆ ಹೋಗುವ ಮೊದಲು ಮಾಡಬೇಕು, ಅಷ್ಟೆ. ಅಹಮದಾಬಾದಿನ ಹೊರಗೆ ವಿಶಾಲಾ ಎಂಬ ಊಟದ ಸ್ಥಳದಲ್ಲಿ ಪಾತ್ರೆಗಳದೇ ಒಂದು ಸಂಗ್ರಹಾಲಯ 1981ರಿಂದ ಇದೆ. ಹಿತ್ತಾಳೆ ತಾಮ್ರದ ಹಳೆಯ ಪಾತ್ರೆಗಳು ಕರಗಿಸುವ ಭಟ್ಟಿಗೆ ಹೋಗುವುದನ್ನು ತಡೆದು ಕೂಡಿಸಿದ್ದು ಅದು. ಮದುವೆಯ ಸ್ಟೀಲ್ ಪಾತ್ರೆಗಾಗಿ ಅಜ್ಜಿಯ ಹಂಡೆ ಕೊಟ್ಟು ಬಂದ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ಲೆಕ್ಕ ಮಾಡಲು ಹೋದರೆ ಯಾರ ಮನೆಯೂ ಬಿಡುವುದಿಲ್ಲ.

ಹೈದರಾಬಾದಿನ ಸಾಲಾರಜಂಗ ವಸ್ತುಸಂಗ್ರಹಾಲಯ ಎಲ್ಲರಿಗೂ ಗೊತ್ತಿರುವುದೇ. ಮೂರನೆಯ ಸಾಲಾರಜಂಗ ಮೀರ ಯೂಸುಫ ಅಲಿ ಖಾನರು 1949ರಲ್ಲಿ ತೀರಿಕೊಂಡರು. ಅವರ ಸಂಗ್ರಹವನ್ನು 1951ರ ಡಿಸೆಂಬರ 16ರಂದು ಅವರ ಮನೆ ದಿವಾನ ದೇವಡಿಯಲ್ಲೇ ಜನರಿಗೆ ತೆರೆಯಲಾಯಿತು. 1961ರಲ್ಲಿ ಸಂಸತ್ತು ಇದಕ್ಕಾಗಿ ಕಾಯಿದೆ ಮಾಡಿತು. 1968ರಲ್ಲಿ ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಪ್ರತಿ ತಾಸಿಗೆ ಗಂಟೆ ಬಾರಿಸುವ ಬೊಂಬೆಯ ಗಡಿಯಾರದ ಮುಂದೆ ನೂರಾರು ಜನ ಉಸಿರು ಬಿಗಿಹಿಡಿದು ಕುಳಿತಿರುವುದನ್ನು ನೋಡುವುದೇ ಒಂದು ನೋಟ. ಆ ದಿವಾನ ದೇವಡಿಯ ಹೆಚ್ಚಿನ ಭಾಗ ಮುಂದೆ ಕೆಡವಲ್ಪಟ್ಟು ಅಲ್ಲಿ ಪೇಟೆ ಬೆಳೆಯಿತು. ಮನೆ ಹೋಯಿತು, ಮನೆಯ ಸಾಮಾನು ಉಳಿಯಿತು.

ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಆರಂಭವಾದದ್ದು. ಅದರ ಸಂಗ್ರಹದಲ್ಲಿರುವ ಆತಕೂರಿನ ಕಲ್ಲಿನ ಕಥೆಯನ್ನು ಒಕ್ಕಲಿಗರು ತಪ್ಪದೆ ಕೇಳಬೇಕು. ಮಂಡ್ಯ ಜಿಲ್ಲೆಯ ಆತಕೂರಿನ ಆ ವೀರಗಲ್ಲು 949-950ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಕಾಲ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನಿಗೆ ಒಡೆಯನು ಬೇಕಾದುದನ್ನು ಬೇಡಿಕೊ ಎಂದಾಗ ಅವನು ಬೇಡಿದ್ದು ಊರಲ್ಲ, ಹೊನ್ನಲ್ಲ. ಕಾಳಿ ಎಂಬ ಒಂದು ನಾಯಿ. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷದ ಹಿಂದಿನ ಕನ್ನಡ ನಾಡಿನವರು ಹೊಲ ಕಾಯುವ ಪ್ರಾಣಿಯನ್ನು ಹೇಗೆ ಕಂಡರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅದೇ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆದಾಗ ಒಂದು ಶಾಸನ ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, 8ನೆಯ ಶತಮಾನದ್ದು. ಊರಿನ ಕಾಳಗದಲ್ಲಿ ಮಡಿದ ಕಿತ್ತಯ್ಯ ಎಂಬವನ ವೀರಗಲ್ಲು. ಹೆಬ್ಬಾಳ ಎಂಬ ಹೆಸರು ಅಷ್ಟು ಹಳೆಯದು ಎಂಬುದಕ್ಕೆ ಅದೇ ಆಧಾರ. ಮೇಲ್ಸೇತುವೆ, ಕಂಪನಿಗಳ ಕಟ್ಟಡಗಳ ನಡುವಿನ ಆ ಬಡಾವಣೆಯ ಜನ, ಶಾಸನಾಸಕ್ತರ ಜೊತೆ ಸೇರಿ, ಅದನ್ನು ದೂರದ ಸಂಗ್ರಹಾಲಯಕ್ಕೆ ಕಳಿಸದೆ ಅಲ್ಲಿಯೇ ಮಂಟಪ ಕಟ್ಟಿ ಇಟ್ಟುಕೊಂಡರು. ನಮಗೆ ಈ ಕೆಲಸ ಬಹಳ ಮೆಚ್ಚಿಗೆಯಾಯಿತು. ಕಾಯುವ ಜನರಿದ್ದರೆ ವಸ್ತು ಹುಟ್ಟಿದ ಸ್ಥಳದಲ್ಲಿರುವುದೇ ಉತ್ತಮ. ಜನರಿಲ್ಲದಿದ್ದರೆ ಸಂಗ್ರಹಾಲಯ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಐಹೊಳೆಯ ಗುಡಿಯೊಂದರ ಚಾವಣಿಯ ಕೆತ್ತನೆಯ ಕಲ್ಲುಗಳಿವೆ. ಅವನ್ನು ನೋಡಿದಾಗ ಅವು ಮಲಪ್ರಭೆಯ ದಂಡೆಯಲ್ಲೇ ಇದ್ದಿದ್ದರೆ ಎಂದು ಅನಿಸುವುದು ಸಹಜ. ಅವುಗಳ ಮುಂದೆ ನಿಂತು ಐಹೊಳೆಯ ಹೆಸರನ್ನು ಮೊದಲ ಸಲ ಓದುವ ಮುಂಬಯಿಯ ಮಕ್ಕಳು ಎಷ್ಟು ಜನ ಎಂಬುದನ್ನೂ ಎಣಿಸಬೇಕು. ಈ ಸಂಗ್ರಹಾಲಯ 2015ರಲ್ಲಿ ಒಂದು ಬಸ್ಸನ್ನೇ ಚಿಕ್ಕ ಸಂಗ್ರಹಾಲಯವಾಗಿ ಮಾಡಿ ಶಾಲೆಗಳಿಗೆ, ಹಳ್ಳಿಗಳಿಗೆ ಕಳಿಸುವ ಪದ್ಧತಿ ಆರಂಭಿಸಿತು. ಪಟ್ಟಣ ಹಳ್ಳಿಯಿಂದ ತೆಗೆದುಕೊಂಡದ್ದನ್ನು ಸ್ವಲ್ಪವಾದರೂ ಹಿಂತಿರುಗಿಸುವ ದಾರಿ ಅದು.

ನಮ್ಮವರೇ ಮಾಡಿದ ಒಂದು ಕೆಲಸವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಧಾರಾಶಿವ ಜಿಲ್ಲೆಯ ತೇರ ಎಂಬುದು ತೇರಣಾ ನದಿಯ ದಂಡೆಯ ಊರು. ಎರಡು ಸಾವಿರ ವರ್ಷದ ಹಿಂದೆ ಇದು ತಗರ ಎಂಬ ಹೆಸರಿನ ದೊಡ್ಡ ಪಟ್ಟಣವಾಗಿತ್ತು. ಆ ಕಾಲದ ಗ್ರೀಕ ನಾವಿಕನೊಬ್ಬನು ಬರೆದಿಟ್ಟ ಸಮುದ್ರ ವ್ಯಾಪಾರದ ಪುಸ್ತಕದಲ್ಲಿ, ಪೈಠಣದಿಂದ ಪೂರ್ವಕ್ಕೆ ಹತ್ತು ದಿನದ ಹಾದಿಯಲ್ಲಿ ತಗರವಿದೆ, ಅಲ್ಲಿಯ ಅರಿವೆಗಳು ಬಂಡಿಗಳಲ್ಲಿ ಭರೂಚ ಬಂದರಕ್ಕೆ ಬರುತ್ತವೆ ಎಂದಿದೆ. ಆ ಪಟ್ಟಣ ಮಣ್ಣಾಯಿತು. ಮಳೆ ಬಿದ್ದಾಗ ದಿಬ್ಬಗಳಿಂದ ಮಣಿ, ನಾಣ್ಯ, ಮಣ್ಣಿನ ಬೊಂಬೆಗಳು ಹೊರಬರುತ್ತಿದ್ದವು. ಆ ಊರಿನವರೇ ಆದ ರಾಮಲಿಂಗಪ್ಪ ಲಾಮತುರೆಯವರು ಇವನ್ನು ವರ್ಷಾನುಗಟ್ಟಲೆ ಕೂಡಿಸಿದರು. ಸಾವಿರಾರು ವಸ್ತುಗಳ ಆ ಸಂಗ್ರಹ ಮುಂದೆ ಸರಕಾರಕ್ಕೆ ಸೇರಿ, ಅವರ ಹೆಸರಿನ ಸಂಗ್ರಹಾಲಯ ಅದೇ ಊರಲ್ಲಿ ಇದೆ. ಅಲ್ಲಿಯ ಆನೆದಂತದ ಹೆಣ್ಣು ಬೊಂಬೆಯಂಥದೇ ಇನ್ನೊಂದು ಇಟಲಿಯ ಪೊಂಪೇ ಊರಿನ ಬೂದಿಯಡಿಯಲ್ಲಿ 1938ರಲ್ಲಿ ಸಿಕ್ಕಿದೆ. ತೇರದ ರೈತರ ಹೊಲದಲ್ಲಿ ಸಿಕ್ಕಿದ್ದಕ್ಕೂ ರೋಮ ದೇಶಕ್ಕೂ ಇರುವ ಸಂಬಂಧ ಜಗತ್ತಿಗೆ ತಿಳಿದದ್ದು, ಒಬ್ಬರು ಅದನ್ನು ಕಲ್ಲುಮಣ್ಣೆಂದು ಎಸೆಯದೆ ಇಟ್ಟದ್ದರಿಂದ. ಸೊಲ್ಲಾಪುರದಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಊರು. ಸಂತ ಗೋರಾ ಕುಂಬಾರರ ಊರೂ ಅದೇ.

ಕೊಲ್ಲಾಪುರ ಹತ್ತಿರದ ಕಣೇರಿ ಮಠದ ಗ್ರಾಮಜೀವನ ಸಂಗ್ರಹಾಲಯಕ್ಕೆ ನಮ್ಮ ಭಕ್ತರು ಬಹಳ ಹೋಗುತ್ತಾರೆ. ಬಡಿಗ, ಕಮ್ಮಾರ, ಕುಂಬಾರ, ಗಾಣಿಗ ಮುಂತಾದ ಆಯಗಾರರ ಕೆಲಸ, ಹೊಲಮನೆಯ ದೃಶ್ಯಗಳನ್ನು ಆಳೆತ್ತರದ ಸಿಮೆಂಟ ಮೂರ್ತಿಗಳಲ್ಲಿ ಮಾಡಿದ್ದಾರೆ. ಪಟ್ಟಣದ ಮಕ್ಕಳಿಗೆ ಹಳ್ಳಿ ತೋರಿಸಲು ಒಳ್ಳೆಯದು, ಮಕ್ಕಳು ಖುಷಿಪಡುತ್ತಾರೆ. ಆದರೂ ಒಂದು ವ್ಯತ್ಯಾಸ ಮರೆಯಬಾರದು. ಮೂರ್ತಿ ಎಂಬುದು ಇಂದಿನವರು ಅಂದಿನ ಬಗ್ಗೆ ಮಾಡಿಕೊಂಡ ಕಲ್ಪನೆ. ಅಲ್ಲಿ ಎಲ್ಲರೂ ಗುಂಡಗೆ, ನಗುಮುಖದಿಂದ ಇರುತ್ತಾರೆ. ಬರಗಾಲ ಇರುವುದಿಲ್ಲ, ಸಾಲ ಇರುವುದಿಲ್ಲ. ಸವೆದ ಬೀಸುಕಲ್ಲು ಸುಳ್ಳು ಹೇಳುವುದಿಲ್ಲ. ಅದರ ಗೂಟದ ನುಣುಪು ನೋಡಿದರೆ ಎಷ್ಟು ಬೆಳಗಿನ ಜಾವಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಕೈ ಅದರ ಮೇಲೆ ತಿರುಗಿದೆ ಎಂದು ತಿಳಿಯುತ್ತದೆ. ರಾಮನಗರದ ಹತ್ತಿರ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಇಂಥ ನಿಜವಾದ ವಸ್ತುಗಳು ಬಹಳ ಇವೆ.

ಓಲೆಗರಿಯ ಕಟ್ಟುಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿದಾಗ ಎಷ್ಟೋ ಮನೆಗಳಲ್ಲಿ ವಚನದ ಕಟ್ಟುಗಳಿಗೆ ಪೂಜೆ ಇತ್ತು, ಓದು ಇರಲಿಲ್ಲ. ಅವನ್ನು ಕೂಡಿಸಿ, ಪ್ರತಿ ಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಪ್ರಕಟಿಸಿದರು. 1925ರಲ್ಲಿ ಸ್ವಂತ ಮುದ್ರಣಾಲಯವನ್ನೇ ಹಾಕಿದರು. ಇಂದಿಗೂ ಗಡಿಭಾಗದ ಹಳೆಯ ಮನೆಗಳ ಅಟ್ಟದ ಮೇಲೆ, ಜಗುಲಿಯ ಹಿಂದೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳು ಇರಬಹುದು. ವ್ಯಾಪಾರಸ್ಥರ ಮನೆಯಲ್ಲಿ ಮೋಡಿ ಅಕ್ಷರದ ಕೀರ್ದಿ, ಖಾತೆ ಪುಸ್ತಕಗಳು ಇವೆ. ಮೋಡಿ ಓದುವವರು ವಿರಳ ಎಂದು ಅವನ್ನು ಸುಡಬಾರದು. ಯಾವ ವರ್ಷ ಜೋಳದ ಧಾರಣಿ ಎಷ್ಟಿತ್ತು, ಯಾವ ಊರಿನಿಂದ ಯಾವ ಮಾಲು ಬರುತ್ತಿತ್ತು, ಬರದ ವರ್ಷ ಯಾರ ಸಾಲ ಬಿಟ್ಟರು ಎಂಬುದೆಲ್ಲ ಅದರಲ್ಲಿದೆ. ಇಂಥ ಇತಿಹಾಸ ಅರಮನೆಯ ದಫ್ತರದಲ್ಲಿ ಸಿಗುವುದಿಲ್ಲ.

ಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರೆ ಎಲ್ಲವೂ ಸುರಕ್ಷಿತ ಎಂದು ತಿಳಿಯುವುದೂ ತಪ್ಪು. 2016ರ ಎಪ್ರಿಲ್ 26ರಂದು ದಿಲ್ಲಿಯ ರಾಷ್ಟ್ರೀಯ ಪ್ರಕೃತಿ ಇತಿಹಾಸ ಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. 2018ರ ಸಪ್ಟೆಂಬರ್ ಮೊದಲ ವಾರದಲ್ಲಿ ಬ್ರೆಜಿಲ್ ದೇಶದ ರಾಷ್ಟ್ರೀಯ ಸಂಗ್ರಹಾಲಯ ಸುಟ್ಟುಹೋಯಿತು. ಅದೇ ದಿನಗಳಲ್ಲಿ ಹೈದರಾಬಾದಿನ ನಿಜಾಮರ ಸಂಗ್ರಹಾಲಯದಿಂದ ಬಂಗಾರದ ಊಟದ ಡಬ್ಬಿ ಕಳುವಾಯಿತು; ಸಿಕ್ಕಿಬಿದ್ದ ಕಳ್ಳರಲ್ಲೊಬ್ಬ ಅದರಲ್ಲಿ ಊಟ ಮಾಡಿದ್ದನೆಂದು ಪೊಲೀಸರು ಹೇಳಿದರು! ಡಬ್ಬಿ ಮರಳಿ ಸಿಕ್ಕಿತು. ಬೆಂಕಿಗೆ ಹೋದದ್ದು ಸಿಗುವುದಿಲ್ಲ. ಆದ್ದರಿಂದ ವಸ್ತು ಎಲ್ಲಿಯೇ ಇರಲಿ, ಅದರ ಫೋಟೋ ಮತ್ತು ವಿವರ ಇನ್ನೊಂದು ಕಡೆಗೆ ಇರಬೇಕು. ಪೂಜೆಯಲ್ಲಿರುವ ವಸ್ತುವನ್ನು ಗಾಜಿನ ಪೆಟ್ಟಿಗೆಗೆ ಕೊಡಬೇಕೆಂದು ನಾವು ಹೇಳುತ್ತಿಲ್ಲ. ಬಳಕೆ ನಿಂತದ್ದು, ಮೂಲೆಗೆ ಬಿದ್ದದ್ದು, ಮನೆ ಒಡೆಯುವಾಗ ಹೊರಗೆ ಬಿದ್ದದ್ದು, ಅವುಗಳ ಮಾತು ಇದು.

ಮನೆಯಲ್ಲಿ ಮಾಡಬೇಕಾದ ಕೆಲವು ಕೆಲಸಗಳಿವೆ. ಹಳೆಯ ವಸ್ತುವಿನ ಫೋಟೋ ತೆಗೆದು, ಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೋ ಅದೇ ಹೆಸರು, ಯಾರದು, ಯಾವ ಊರಿಂದ ಬಂತು, ಯಾವ ಕೆಲಸಕ್ಕೆ ಬಳಸುತ್ತಿದ್ದರು ಎಂಬುದನ್ನು ಹಿರಿಯರನ್ನು ಕೇಳಿ ಒಂದು ವಹಿಯಲ್ಲಿ ಬರೆದಿಡಬೇಕು. ಊರು ಹೆಸರು ಇಲ್ಲದ ವಸ್ತು ಸಂಗ್ರಹಾಲಯಕ್ಕೆ ಹೋದರೂ ಮೂಕವಾಗಿ ಕೂಡುತ್ತದೆ. ತಾಮ್ರಪಟ, ಹಳೆಯ ನಾಣ್ಯಗಳನ್ನು ಹುಣಸೆಹುಳಿ, ಬೂದಿ ಹಚ್ಚಿ ತಿಕ್ಕಬಾರದು. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ವೀರಗಲ್ಲು, ಶಾಸನಗಳಿಗೆ ಭಕ್ತಿಯಿಂದ ಎಣ್ಣೆಬಣ್ಣ ಬಳಿಯುವ ರೂಢಿ ಹೆಚ್ಚಾಗಿದೆ. ಬಣ್ಣ ಅಕ್ಷರಗಳ ಸಂದಿ ತುಂಬಿ ಓದಲು ಬಾರದಂತೆ ಮಾಡುತ್ತದೆ. ಹಳೆಯ ಕಾಗದಗಳನ್ನು ಲ್ಯಾಮಿನೇಶನ್ ಮಾಡಿಸಬಾರದು, ಹಸಿ ಗೋಡೆಗೆ ತಾಗಿಸಿ ಇಡಬಾರದು. ಸಂಗ್ರಹಾಲಯಕ್ಕೆ ಏನನ್ನಾದರೂ ಕೊಡುವಾಗ ಕೊಟ್ಟವರ ಹೆಸರು, ಊರು, ವಸ್ತುವಿನ ವರ್ಣನೆ ಇರುವ ಪಾವತಿಯನ್ನು ತಪ್ಪದೆ ತೆಗೆದುಕೊಳ್ಳಬೇಕು.

ಕಾಯಿದೆಯ ತಿಳುವಳಿಕೆಯೂ ಅವಶ್ಯ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ಶಿಲ್ಪ, ನಾಣ್ಯ, ಶಾಸನಗಳು, 75 ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳಲ್ಲಿ ಸೇರುತ್ತವೆ. ಅವನ್ನು ಖಾಸಗಿಯವರು ಪರದೇಶಕ್ಕೆ ಕಳಿಸುವಂತಿಲ್ಲ, ಪರವಾನಿಗೆ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಓಣಿಯಲ್ಲಿ ಕಾರು ನಿಲ್ಲಿಸಿ ಹಳೆಯ ಮೂರ್ತಿ, ಬಾಗಿಲು ಕೇಳಿಕೊಂಡು ಬರುವವರ ಬಗ್ಗೆ ಎಚ್ಚರವಿರಲಿ. ನೇಗಿಲಿಗೆ ನಾಣ್ಯದ ಗಡಿಗೆ ಸಿಕ್ಕರೆ ಹೊಲವನ್ನೇ ಸರಕಾರ ಕಸಿದುಕೊಳ್ಳುತ್ತದೆಂದು ಹೆದರಿ ರಾತ್ರೋರಾತ್ರಿ ಅಕ್ಕಸಾಲಿಗನಲ್ಲಿ ಕರಗಿಸುವವರಿದ್ದಾರೆ. 1878ರ ನಿಧಿ ಕಾಯಿದೆಯಲ್ಲಿ ಹೊಲ ಕಸಿದುಕೊಳ್ಳುವ ಮಾತಿಲ್ಲ. ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ಸಿಕ್ಕವನು ಜಿಲ್ಲಾ ಕಲೆಕ್ಟರರಿಗೆ ಲಿಖಿತ ತಿಳಿಸಬೇಕು. ವಾರಸುದಾರರಿಲ್ಲವೆಂದು ಗೊತ್ತಾದರೆ ಸಿಕ್ಕವನಿಗೆ ಮುಕ್ಕಾಲು ಪಾಲು, ಹೊಲದ ಮಾಲಕನಿಗೆ ಕಾಲು ಪಾಲು ಎಂದು ಮೂಲ ಕಾಯಿದೆ ಹೇಳುತ್ತದೆ. ಸರಕಾರವೇ ಇಟ್ಟುಕೊಂಡರೆ ಲೋಹದ ಬೆಲೆಯ ಮೇಲೆ ಐದರಲ್ಲಿ ಒಂದು ಪಾಲು ಹೆಚ್ಚು ಕೊಡಬೇಕು. ಮುಚ್ಚಿಟ್ಟರೆ ಮಾತ್ರ ಅಪರಾಧ. ರಾಜ್ಯ ರಾಜ್ಯದಲ್ಲಿ ತಿದ್ದುಪಡಿಗಳಿರುವುದರಿಂದ ತಹಸೀಲ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಮುಂದಿನ ಸಂಚಿಕೆಗಳಲ್ಲಿ ಗಡಿಭಾಗದ ಮನೆ, ಹೊಲ, ಅಂಗಡಿಯ ವಸ್ತುಗಳ ಕನ್ನಡ ಹೆಸರುಗಳನ್ನು ಊರಿನ ಸಮೇತ ಪ್ರಕಟಿಸಬೇಕೆಂದಿದ್ದೇವೆ. ಭಕ್ತರು ತಮ್ಮಲ್ಲಿಯ ಹೆಸರುಗಳನ್ನು, ಸಾಧ್ಯವಾದರೆ ಫೋಟೋ ಸಹಿತ, ಮಠದ ಕಾರ್ಯಾಲಯಕ್ಕೆ ಬರೆದು ಕಳಿಸಬೇಕು. ಕಾಗುಣಿತದ ತಪ್ಪಿಗೆ ಸಂಕೋಚ ಬೇಡ. ಕನ್ನಡ ಬರೆಯಲು ಬಾರದ ಮಕ್ಕಳು ಅಜ್ಜಿ ಹೇಳಿದ್ದನ್ನು ಮರಾಠಿ, ತೆಲುಗು, ತಮಿಳು ಅಕ್ಷರದಲ್ಲಿ ಬರೆದು ಕಳಿಸಿದರೂ ನಡೆಯುತ್ತದೆ, ನಾವು ತಿದ್ದಿಕೊಳ್ಳುತ್ತೇವೆ.